ಮೊಲದ ಮೈಮಾತು: ಮನೆಯ ಮೊಲವನ್ನು ಓದಲು ಕಲಿಯುವ ಬಗೆ

ಕಡಲೆ ಅನ್ನುವ ಮೊಲ ನಮ್ಮ ಮನೆಗೆ ಬಂದ ಮೊದಲ ವಾರ ಮಗಳು ದಿನಾ ಅತ್ತಳು. ಎತ್ತಿಕೊಂಡರೆ ಅದು ಒದೆಯುತ್ತಿತ್ತು. ಕೈ ಚಾಚಿದರೆ ಮಂಚದ ಕೆಳಗೆ ನುಗ್ಗುತ್ತಿತ್ತು. ಹೇಗೋ ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡರೆ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. "ನೋಡು, ಈಗ ಸುಮ್ಮನಾಯಿತು, ಹೊಂದಿಕೊಂಡಿತು" ಅಂತ ನಾನೇ ಸಮಾಧಾನ ಹೇಳಿದ್ದೆ. ಅದು ಹೊಂದಿಕೊಂಡಿರಲಿಲ್ಲ, ಹೆದರಿ ಮರಗಟ್ಟಿತ್ತು. ಇಷ್ಟು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು.

ನಾಯಿ, ಬೆಕ್ಕು ಸಾಕಿ ರೂಢಿ ಇರುವವರಿಗೆ ಮೊಲ ಬೇಗ ಅರ್ಥವಾಗುವುದಿಲ್ಲ. ನಾಯಿಯೂ ಬೆಕ್ಕೂ ಬೇಟೆಯಾಡುವ ಜಾತಿ. ಮೊಲ ಬೇಟೆಯಾಗುವ ಜಾತಿ. ನೋವಾದರೆ ನಾಯಿ ಕುಂಯ್ಗುಡುತ್ತದೆ. ಮೊಲ ಉಸಿರೆತ್ತುವುದಿಲ್ಲ. ಕಾಡಿನಲ್ಲಿ ನರಳುವ ಮೊಲವೇ ನರಿಯ ಕಣ್ಣಿಗೆ ಮೊದಲು ಬೀಳುವುದು ಅಲ್ವಾ? ಹಾಗಾಗಿ ಅದರ ಮಾತೆಲ್ಲ ಕಿವಿ, ಮೂಗು, ಕಾಲುಗಳಲ್ಲಿದೆ. ಹಿಕ್ಕೆಯಲ್ಲೂ ಇದೆ, ನಗಬೇಡಿ. ಅದನ್ನು ಓದುವುದನ್ನು ನಾನು ಕಲಿತ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲಿಗೆ: ಅದು ಯಾವ ಮೊಲ?

ಕನ್ನಡದಲ್ಲಿ ಎರಡು ಬೇರೆ ಪ್ರಾಣಿಗೆ ಒಂದೇ ಹೆಸರು ಇಟ್ಟುಕೊಂಡಿದ್ದೇವೆ. ಹೊಲದ ಬದಿಯಲ್ಲಿ, ಕುರುಚಲು ಕಾಡಿನಲ್ಲಿ ಕಾಣುವುದು ಕಾಡುಮೊಲ. ಅಂಗಡಿಯಲ್ಲಿ ಸಿಗುವುದು ಸ್ಪೇನ್, ಪೋರ್ಚುಗಲ್ ಕಡೆಯ ಬಿಲದ ಮೊಲದಿಂದ ಬಂದ ಸಾಕುತಳಿ. ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದೇ ಇರುತ್ತದೆ. ಸಾಕುಮೊಲದ ಮರಿ ಬತ್ತಲೆ, ಕುರುಡು. ಸುಮಾರು ಹತ್ತು ದಿನಕ್ಕೆ ಕಣ್ಣು ಬಿಡುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಕಳೆ ಕೀಳುವಾಗ ಹೊಲದಲ್ಲಿ ಸಿಕ್ಕ ಮರಿಯನ್ನು "ಪಾಪ, ತಾಯಿ ಬಿಟ್ಟು ಹೋಗಿದೆ" ಅಂತ ಮನೆಗೆ ತರುವವರು ಇದ್ದಾರೆ. ತಾಯಿ ಬಿಟ್ಟು ಹೋಗಿರುವುದಿಲ್ಲ. ನರಿ, ನಾಯಿಗೆ ಮರಿಯ ಜಾಗ ತಿಳಿಯಬಾರದು ಅಂತಲೇ ದೂರ ಇದ್ದು, ಕತ್ತಲಾದ ಮೇಲೆ ಬಂದು ಹಾಲು ಕುಡಿಸಿ ಹೋಗುತ್ತದೆ. ಆ ಮರಿಯನ್ನು ಅಲ್ಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಮುಂದೆ ಬರುವುದೆಲ್ಲ ಸಾಕುಮೊಲದ ಮಾತು.

ಅಂಗಡಿಯಿಂದ ತರುವುದಾದರೆ ಎಂಟು ವಾರ ತುಂಬಿದ ಮರಿಯನ್ನೇ ತನ್ನಿ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು ನೋಡಲು ಚೆಂದ, ಬದುಕುವುದು ಕಷ್ಟ. ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟರಿಂದ ಹನ್ನೆರಡು ವರ್ಷ ಇರುತ್ತದೆ. ಮೂರನೇ ಕ್ಲಾಸಿನ ಮಗುವಿಗೆ ಹುಟ್ಟುಹಬ್ಬಕ್ಕೆ ಅಂತ ತಂದರೆ, ಅದು ಕಾಲೇಜು ಮುಗಿಸುವವರೆಗೂ ಹುಲ್ಲು ಹಾಕುವ ಕೆಲಸ ನಿಮ್ಮದೇ.

ಹಂತ 1: ಒಂದು ವಾರ ನೆಲದ ಮೇಲೆ ಕೂರಿ

ಮೊಲ ಬಂದ ದಿನ ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಮನೆಯ ಒಂದು ಮೂಲೆಯಲ್ಲಿ ಹುಲ್ಲು, ನೀರು, ಒಂದು ರಟ್ಟಿನ ಡಬ್ಬ ಇಡಿ. ಡಬ್ಬಕ್ಕೆ ಎರಡು ಬಾಗಿಲು ಕತ್ತರಿಸಿ. ಒಂದೇ ಬಾಗಿಲಿನ ಡಬ್ಬ ಮೊಲಕ್ಕೆ ಬೋನಿನ ಹಾಗೆ. ಬೆನ್ನ ಹಿಂದೆ ತಪ್ಪಿಸಿಕೊಳ್ಳಲು ದಾರಿ ಇದ್ದರೆ ಮಾತ್ರ ಅದು ನಿರಾಳವಾಗಿ ಮಲಗುತ್ತದೆ.

ಆಮೇಲೆ ನೀವು ಸುಮ್ನೆ ನೆಲದ ಮೇಲೆ ಕೂತುಕೊಳ್ಳಿ. ಅದರ ಕಡೆ ನೋಡಬೇಡಿ. ಪೇಪರ್ ಓದಿ, ಬೆಳ್ಳುಳ್ಳಿ ಬಿಡಿಸಿ (ಸಿಪ್ಪೆ ಅದರ ಬಾಯಿಗೆ ಸಿಗದ ಹಾಗೆ). ಬೆಳಗಿನ ಜಾವ ಮತ್ತು ಸಂಜೆ ಒಳ್ಳೆಯ ಹೊತ್ತು. ಮೊಲ ಚುರುಕಾಗಿರುವುದು ಈ ಎರಡು ಸಂಧಿಯಲ್ಲೇ. ನಡುಹಗಲಲ್ಲಿ ಅದು ಮಂಕಾಗಿ ಕೂತಿದ್ದರೆ ಸೋಮಾರಿ ಅಂತ ಬೈಯಬೇಡಿ, ಅದು ನಿದ್ದೆಯ ಸಮಯ.

ಮೊಲದ ಕಣ್ಣು ತಲೆಯ ಎರಡು ಪಕ್ಕಕ್ಕಿದೆ. ಹಿಂದೆ, ಮೇಲೆ, ಅಕ್ಕಪಕ್ಕ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವ ಜಾಗ ಒಂದೇ: ಮೂಗಿನ ತುದಿಯ ಎದುರು. ನಾವು ಸರಿಯಾಗಿ ಅಲ್ಲಿಗೇ ಕೈ ಒಡ್ಡುತ್ತೇವೆ! ಅದರ ಪಾಲಿಗೆ ಎಲ್ಲಿಂದಲೋ ಏನೋ ಧುತ್ತನೆ ಬಂದ ಹಾಗೆ. ಇನ್ನು ಮೇಲಿನಿಂದ ಇಳಿಯುವ ಕೈ ಅಂದರೆ ಹದ್ದು. ಆದ್ದರಿಂದ ಕೈಯನ್ನು ನೆಲದ ಮಟ್ಟದಲ್ಲಿ, ಪಕ್ಕದಿಂದ ನಿಧಾನ ತನ್ನಿ. ಮೊದಲ ಸವರುವಿಕೆ ಎರಡು ಕಣ್ಣಿನ ನಡುವಿನ ಹಣೆಗೆ. ಆಮೇಲೆ ಕೆನ್ನೆ, ಕಿವಿಯ ಬುಡ. ಹೊಟ್ಟೆ, ಪಾದ, ಬಾಲ ಮುಟ್ಟಿಸಿಕೊಳ್ಳುವುದು ಹೆಚ್ಚಿನ ಮೊಲಗಳಿಗೆ ಇಷ್ಟವಿಲ್ಲ.

ಮೂರನೇ ದಿನವೋ ಆರನೇ ದಿನವೋ ಅದೇ ಹತ್ತಿರ ಬಂದು ನಿಮ್ಮ ಕಾಲಿಗೆ ಮೂಗು ತಾಗಿಸುತ್ತದೆ. ಆಗಲೂ ಹಿಡಿಯಬೇಡಿ. ನಮ್ಮ ಹತ್ತಿ ಅನ್ನುವ ಬಿಳಿ ಮೊಲ ಬರಲು ಹದಿನೆಂಟು ದಿನ ತೆಗೆದುಕೊಂಡಿತ್ತು.

ಹಂತ 2: ಮೈಮಾತು ಓದಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಮೂಗಿನಿಂದ ಶುರು ಮಾಡಿ. ಎಚ್ಚರವಾಗಿರುವ ಮೊಲದ ಮೂಗು ಒಂದೇ ಸಮ ಅಲುಗುತ್ತದೆ. ಕುತೂಹಲವೋ ಗಾಬರಿಯೋ ಆದರೆ ವೇಗ ಏರುತ್ತದೆ. ನಿರಾಳವಾದರೆ ನಿಧಾನವಾಗುತ್ತದೆ, ಗಾಢ ನಿದ್ದೆಯಲ್ಲಿ ನಿಂತೇ ಹೋಗುತ್ತದೆ. ಮೊಲ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಲ್ಲದು. ನಿದ್ದೆಯೋ ಎಚ್ಚರವೋ ತಿಳಿಯಲು ಮೂಗನ್ನೇ ನೋಡಬೇಕು.

ಕಿವಿ ಎರಡೂ ಎತ್ತಿ ಮುಂದಕ್ಕೆ ತಿರುಗಿದ್ದರೆ ಅಲ್ಲೇನೋ ಅದರ ಗಮನ ಸೆಳೆದಿದೆ. ಒಂದು ಕಿವಿ ಮುಂದೆ, ಒಂದು ಹಿಂದೆ ಇದ್ದರೆ ಅರ್ಧ ಮನಸ್ಸು ನಿಮ್ಮ ಮೇಲೆ, ಅರ್ಧ ಅಡುಗೆಮನೆಯ ಕುಕ್ಕರ್ ಮೇಲೆ. ಹಿಂದಕ್ಕೆ ಒರಗಿದ ಕಿವಿ ನೋಡಿ ಜನ ಮೋಸಹೋಗುತ್ತಾರೆ. ಮೈ ಸಡಿಲವಾಗಿ, ಕಣ್ಣು ಅರೆಮುಚ್ಚಿದ್ದರೆ ಅದು ವಿಶ್ರಾಂತಿ. ಅದೇ ಕಿವಿ ಬೆನ್ನಿಗೆ ಅಂಟಿ, ಮೈ ಬಿಗಿದು, ಕಣ್ಣು ಅಗಲವಾಗಿದ್ದರೆ ಭಯ. ಕಿವಿ ಹಿಂದೆ, ಬಾಲ ಮೇಲೆ, ಗಂಟಲಿನಿಂದ "ಗುರ್" ಅನ್ನುವ ಗೊಗ್ಗರು ದನಿ, ಮುಂದಿನ ಕಾಲು ಎತ್ತಿ ಗುದ್ದುವುದು, ಇವಿಷ್ಟು ಸೇರಿದರೆ ಸಿಟ್ಟು. ಅಂಥ ಹೊತ್ತಲ್ಲಿ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದರ ಗೂಡಿಗೆ ಕೈ ಹಾಕಿ ತಟ್ಟೆ ತೆಗೆಯುವಾಗ ಹೀಗಾಗುತ್ತದೆ. ಮೊಲ ಹೊರಗೆ ಆಡುವಾಗ ಗೂಡು ಗುಡಿಸಿದರೆ ಜಗಳವೇ ಇಲ್ಲ.

ಹಿಂಗಾಲಿನಿಂದ ನೆಲಕ್ಕೆ "ದಢ್" ಎಂದು ಬಡಿಯುವುದು ಅಪಾಯದ ಗಂಟೆ. ಬಿಲದಲ್ಲಿರುವ ಬಳಗಕ್ಕೆ ನೆಲದ ಅದುರಿನಲ್ಲೇ ಸುದ್ದಿ ಮುಟ್ಟಲಿ ಅಂತ ಆ ಪದ್ಧತಿ. ನಮ್ಮ ಮನೆಯಲ್ಲಿ ರಾತ್ರಿ ಎರಡಕ್ಕೆ ದಢ್ ದಢ್ ಶುರುವಾದರೆ ಹೊರಗೆ ಕಿಟಕಿಯ ಮೇಲೆ ಬೆಕ್ಕು ಕೂತಿದೆ ಅಂತಲೇ ಲೆಕ್ಕ. ಎದ್ದು, ದೀಪ ಹಾಕಿ, ನೆಲದ ಮೇಲೆ ಎರಡು ನಿಮಿಷ ಕೂತು ಬನ್ನಿ. ಕೆಲವು ಮೊಲಗಳು ಬರೀ ಕೋಪಕ್ಕೂ ಬಡಿಯುತ್ತವೆ. ಕಡಲೆಯ ಉಗುರು ಕತ್ತರಿಸಿದ ದಿನ ಸಂಜೆಯವರೆಗೂ ನನಗೆ ಬೆನ್ನು ತಿರುಗಿಸಿ ಕೂತು, ಮಧ್ಯೆ ಮಧ್ಯೆ ಒಂದೊಂದು ಗುದ್ದು ಕೊಡುತ್ತದೆ. ಬೆನ್ನು ತಿರುಗಿಸುವುದೂ ಒಂದು ಮಾತೇ. "ನಿನ್ನ ಜೊತೆ ಟೂ" ಅಂತ.

ಇನ್ನು ಸಂತೋಷದ ಕಡೆ. ಓಡುತ್ತಾ ಓಡುತ್ತಾ ಗಾಳಿಗೆ ನೆಗೆದು, ತಲೆ ಒಂದು ಕಡೆ, ಸೊಂಟ ಒಂದು ಕಡೆ ತಿರುಚಿ, ಕಾಲು ಝಾಡಿಸಿ ಇಳಿಯುವುದಕ್ಕೆ ಮೊಲ ಸಾಕುವವರು ಬಿಂಕಿ ಅನ್ನುತ್ತಾರೆ. ಇಂಗ್ಲಿಷಿನ ಪದ, ಆದರೆ ನಮ್ಮ ಬಿಂಕಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಮೊದಲ ಸಲ ನೋಡಿದ ನಮ್ಮ ಅತ್ತೆ, ಮೊಲಕ್ಕೆ ಫಿಟ್ಸ್ ಬಂತು ಅಂತ ಈರುಳ್ಳಿ ಹುಡುಕಲು ಓಡಿದ್ದರು. ಅದು ಕುಣಿತ, ಅಷ್ಟೆ.

ಇನ್ನೊಂದು ಗಾಬರಿ: ಕೂತ ಮೊಲ ಇದ್ದಕ್ಕಿದ್ದಂತೆ ಪಕ್ಕಕ್ಕೆ ಧೊಪ್ಪನೆ ಬೀಳುವುದು. ಸತ್ತೇ ಹೋಯಿತು ಅನಿಸುತ್ತದೆ. ಹೊಟ್ಟೆ ತೋರಿಸಿ, ಕಾಲು ಚಾಚಿ ಹೀಗೆ ಮಲಗಿದರೆ ಅದಕ್ಕೆ ಈ ಮನೆಯಲ್ಲಿ ಯಾರ ಭಯವೂ ಇಲ್ಲ ಎಂದರ್ಥ. ಬೇಟೆಯಾಗುವ ಪ್ರಾಣಿ ಹಾಗೆ ಮಲಗಿದರೆ ಮತ್ತೆ ಎದ್ದು ಓಡಲು ಹೊತ್ತು ಬೇಕು. ಆ ಹೊತ್ತನ್ನು ಅದು ನಿಮ್ಮ ನಂಬಿಕೆಯ ಮೇಲೆ ಬಿಟ್ಟಿದೆ.

ಹಣೆ ಸವರುವಾಗ ಹಲ್ಲನ್ನು ಮೆಲ್ಲಗೆ ಕಟಕಟ ಅನಿಸಿದರೆ ಖುಷಿ. ಬೆರಳಿಗೆ ಸಣ್ಣ ಅದುರು ತಾಗುತ್ತದೆ. ಇದನ್ನು ಚೆನ್ನಾಗಿ ಗುರುತು ಮಾಡಿಕೊಳ್ಳಿ, ಯಾಕೆಂದರೆ ಯಾರೂ ಮುಟ್ಟದಿದ್ದಾಗಲೂ ಮೂಲೆಯಲ್ಲಿ ಮುದುಡಿ ಕೂತು ಜೋರಾಗಿ ಹಲ್ಲು ಕಡಿಯುತ್ತಿದ್ದರೆ ಅದು ನೋವು. ಎರಡೂ ಹಲ್ಲಿನ ಸದ್ದೇ. ಮೈ ಸಡಿಲವೋ ಬಿಗಿಯೋ ನೋಡಿ ತೀರ್ಮಾನಿಸಬೇಕು.

ಗದ್ದವನ್ನು ಕುರ್ಚಿಯ ಕಾಲಿಗೆ, ನಿಮ್ಮ ಚಪ್ಪಲಿಗೆ ಉಜ್ಜುವುದು ಆಸ್ತಿ ನೋಂದಣಿ. ಗದ್ದದ ಕೆಳಗೆ ವಾಸನೆಯ ಗ್ರಂಥಿ ಇದೆ, ನಮ್ಮ ಮೂಗಿಗೆ ತಿಳಿಯುವುದಿಲ್ಲ. ಮೂಗಿನಿಂದ ಕಾಲಿಗೆ ತಿವಿದರೆ "ದಾರಿ ಬಿಡು" ಅಥವಾ "ಸವರು". ಯಾವುದು ಅಂತ ನೀವೇ ಕಂಡುಹಿಡಿಯಬೇಕು, ತಪ್ಪಾದರೆ ಇನ್ನೊಂದು ತಿವಿತ ಬೀಳುತ್ತದೆ. ನೆಕ್ಕಿದರೆ ಪ್ರೀತಿ. ತಲೆ ನೆಲಕ್ಕೆ ಹಚ್ಚಿ ಎದುರು ಕೂತರೆ "ನನ್ನನ್ನು ನೀವಿ" ಎಂಬ ಅಪ್ಪಣೆ. ಹಿಂಗಾಲ ಮೇಲೆ ನೆಟ್ಟಗೆ ನಿಂತರೆ ದೂರ ನೋಡುತ್ತಿದೆ, ಇಲ್ಲವೇ ನಿಮ್ಮ ಕೈಯಲ್ಲಿ ಕೊತ್ತಂಬರಿ ಕಟ್ಟು ಇದೆ.

ನಿಮ್ಮ ಕಾಲ ಸುತ್ತ "ಹೂಂ ಹೂಂ" ಅಂತ ಸುತ್ತುತ್ತಿದ್ದರೆ? ನಾಲ್ಕು ತಿಂಗಳು ದಾಟಿದ ಗಂಡಾದರೆ ಪ್ರಾಯ ಬಂದಿದೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಒಂದೇ ಒಂದು ದನಿ ಕೇಳಬಾರದು ಅಂತ ಹಾರೈಸಿ. ಅದು ಕಿರುಚಾಟ. ಮಗು ಚೀರಿದ ಹಾಗಿರುತ್ತದೆ. ಪ್ರಾಣಭಯಕ್ಕೆ ಅಥವಾ ತಡೆಯಲಾರದ ನೋವಿಗೆ ಮಾತ್ರ ಮೊಲ ಹಾಗೆ ಕೂಗುತ್ತದೆ.

ಹಂತ 3: ಎತ್ತಬೇಕಾದಾಗ ಮಾತ್ರ ಎತ್ತಿ

ಕಿವಿ ಹಿಡಿದು ಎತ್ತುವುದನ್ನು ಸಂತೆಯಲ್ಲಿ ನೋಡಿರುತ್ತೀರಿ. ಯಾವತ್ತೂ ಹಾಗೆ ಮಾಡಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ, ತಕ್ಷಣ ನಿಮ್ಮ ಎದೆಗೆ ಒತ್ತಿಕೊಳ್ಳಿ. ನಾಲ್ಕೂ ಕಾಲಿಗೆ ಏನಾದರೂ ಆಸರೆ ತಾಗುತ್ತಿರಬೇಕು. ಮೊಲದ ಮೂಳೆ ಹಗುರ, ಹಿಂಗಾಲಿನ ಸ್ನಾಯು ಭಾರಿ. ಗಾಳಿಯಲ್ಲಿ ಜೋತು ಬಿದ್ದು ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ಅದಕ್ಕೇ ಚಿಕ್ಕ ಮಕ್ಕಳು ನಿಂತು ಎತ್ತಿಕೊಳ್ಳುವುದು ಬೇಡ. ನೆಲದಲ್ಲಿ ಕೂತ ಮಗುವಿನ ಮಡಿಲಿಗೆ ಮೊಲ ತಾನಾಗಿ ಬಂದರೆ ಬರಲಿ.

ಅಂಗಾತ ಮಲಗಿಸಿದರೆ ಮೊಲ ನಿದ್ದೆ ಹೋದ ಹಾಗೆ ಸ್ತಬ್ಧವಾಗುವ ವಿಡಿಯೋಗಳು ಓಡಾಡುತ್ತಿವೆ. ಅದು ನಿದ್ದೆ ಅಲ್ಲ. ನರಿಯ ಬಾಯಿಗೆ ಸಿಕ್ಕಾಗ ಸತ್ತಂತೆ ಬಿದ್ದಿರುವ ಕೊನೆಯ ಉಪಾಯ. ಆಗ ಅದರ ಎದೆ ಎಷ್ಟು ಬಡಿಯುತ್ತಿರುತ್ತದೆ ಅಂತ ನೋಡುವವರಿಗೆ ಕಾಣುವುದಿಲ್ಲ. ಸ್ನಾನವೂ ಹಾಗೇ. ಮೊಲ ತನ್ನ ಮೈ ತಾನೇ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತದೆ. ನೀರಿಗೆ ಅದ್ದಿದರೆ ಭಯಕ್ಕೇ ಸಾಯಬಹುದು. ಕೊಳೆಯಾದ ಜಾಗವನ್ನಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ.

ಹಂತ 4: ಕಡಿಯುವುದು, ಕೆರೆಯುವುದು, ಒಂದೇ ಮೂಲೆಗೆ ಹೋಗುವುದು

ಮೊಲವನ್ನು ಬಹಳ ಕಾಲ ಇಲಿಯ ಬಳಗಕ್ಕೇ ಸೇರಿಸಿದ್ದರು. ಆದರೆ ಮೊಲಕ್ಕೆ ಮೇಲಿನ ಬಾಚಿಹಲ್ಲಿನ ಹಿಂದೆ ಇನ್ನೊಂದು ಜೊತೆ ಪುಟಾಣಿ ಹಲ್ಲು ಇದೆ, ಇಲಿಗಿಲ್ಲ. ಒಟ್ಟು 28 ಹಲ್ಲು. ಎಲ್ಲವೂ ಬದುಕಿರುವವರೆಗೆ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಸವೆಸದೆ ಬೇರೆ ದಾರಿಯಿಲ್ಲ. ಹಾಗಾಗಿ "ಕಡಿಯಬೇಡ" ಅಂತ ಕಲಿಸಲು ಹೊರಡುವುದು ವ್ಯರ್ಥ. ಮೊಲ ಕಡಿಯಬಾರದ್ದನ್ನು ನೀವೇ ಎತ್ತಿಡಬೇಕು.

ಮೊದಲು ಕರೆಂಟಿನ ವೈರು. ಮೊಬೈಲ್ ಚಾರ್ಜರ್ ನಮ್ಮ ಮನೆಯಲ್ಲಿ ಐದು ಹೋಗಿವೆ. ವೈರನ್ನು ಗೋಡೆಗೆ ಎತ್ತಿ ಕಟ್ಟಿ, ಆಗದಿದ್ದರೆ ಗಟ್ಟಿ ಪಿವಿಸಿ ಪೈಪಿನೊಳಗೆ ತೂರಿಸಿ. ಕುಂಡಗಳಲ್ಲಿ ಕಣಗಿಲೆ, ಮನಿ ಪ್ಲಾಂಟ್, ಲೋಳೆಸರ ಅದರ ಬಾಯಿಗೆ ಎಟುಕಬಾರದು. ಬದಲಿಗೆ ರಟ್ಟು, ಬಿದಿರಿನ ಬುಟ್ಟಿ, ಬಣ್ಣವಿಲ್ಲದ ತೆಂಗಿನ ನಾರಿನ ಚಾಪೆ, ಸೀಬೆ ಗಿಡದ ರೆಂಬೆ ಕೊಡಿ. ಕೆರೆಯುವ ಚಟಕ್ಕೆ ಒಂದು ಹಳೆಯ ಟಬ್ಬಿನಲ್ಲಿ ಹರಿದ ಪೇಪರು ತುಂಬಿಸಿಟ್ಟರೆ ನಿಮ್ಮ ಸೋಫಾ ಬದುಕಿಕೊಳ್ಳುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ, ಮೊಲ ತಾನಾಗಿ ಒಂದು ಮೂಲೆ ಆರಿಸಿಕೊಂಡು ಅಲ್ಲೇ ಉಚ್ಚೆ ಹೊಯ್ಯುತ್ತದೆ. ಆ ಮೂಲೆ ಯಾವುದು ಅಂತ ಮೂರು ದಿನ ನೋಡಿ. ಅಲ್ಲಿಗೇ ಅಗಲದ ಟ್ರೇ ಇಡಿ. ಕೆಳಗೆ ಪೇಪರು, ಮೇಲೆ ಒಣಹುಲ್ಲು. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ, ಹುಲ್ಲಿನ ಬುಟ್ಟಿ ಟ್ರೇ ಪಕ್ಕದಲ್ಲೇ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಬೇರೆಡೆ ಬಿದ್ದ ಹಿಕ್ಕೆಯನ್ನು ಎತ್ತಿ ಟ್ರೇಗೇ ಹಾಕಿ. ಬೆಕ್ಕಿನ ಗಟ್ಟಿಯಾಗುವ ಮರಳು ಬೇಡ, ತಿಂದರೆ ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ಮೂಲೆಯನ್ನು ನೀವು ಆರಿಸಲು ಹೋಗಬೇಡಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಮನುಷ್ಯರ ಹಟದ ಬಗ್ಗೆ ಇದೆ ಅಂದುಕೊಂಡಿದ್ದೆ. ಮೊಲದ ಹಟ ನೋಡಿದ ಮೇಲೆ ಅನುಮಾನ ಬಂತು.

ತಂತಿ ತಳದ ಪಂಜರದಲ್ಲಿ ಇಡಬೇಡಿ. ನಾಯಿಗಿರುವಂಥ ಮೆತ್ತನೆಯ ಅಂಗಾಲು ಮೊಲಕ್ಕಿಲ್ಲ, ಬರೀ ತುಪ್ಪಳ. ತಂತಿಯ ಮೇಲೆ ನಿಂತು ನಿಂತು ಹಿಮ್ಮಡಿ ಹುಣ್ಣಾಗುತ್ತದೆ. ಜಾರುವ ಟೈಲ್ಸ್ ಮೇಲೂ ಒಂದು ಜಮಖಾನ ಹಾಸಿ.

ಹಂತ 5: ಹಿಕ್ಕೆ ನೋಡಿ, ಆಮೇಲೆ ತಿಂಡಿ ಹಾಕಿ

ಬೆಳಗ್ಗೆ ಎದ್ದ ತಕ್ಷಣ ನಾನು ಮೊದಲು ನೋಡುವುದು ಟ್ರೇ. ದುಂಡಗೆ, ಒಣಗಿ, ಹೆಚ್ಚುಕಡಿಮೆ ಕಡಲೆಕಾಳಿನ ಗಾತ್ರ, ಮುರಿದರೆ ಒಳಗೆ ಹುಲ್ಲಿನ ಪುಡಿ ಇದ್ದರೆ ಎಲ್ಲ ಸರಿ. ಚಿಕ್ಕದಾಗುತ್ತಾ ಬಂದರೆ, ಕಡಿಮೆಯಾದರೆ, ಕೂದಲಿನ ಎಳೆಗೆ ಪೋಣಿಸಿದ ಮಣಿಯ ಹಾಗೆ ಬಂದರೆ ಹೊಟ್ಟೆಯ ಓಟ ನಿಧಾನವಾಗಿದೆ, ಹುಲ್ಲು ಸಾಲುತ್ತಿಲ್ಲ.

ದ್ರಾಕ್ಷಿಗೊಂಚಲಿನ ಹಾಗೆ ಮೆತ್ತಗೆ, ಹೊಳೆಯುವ ಇನ್ನೊಂದು ಬಗೆಯೂ ಇದೆ. ಅದು ನಿಮಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಯಾಕೆಂದರೆ ಮೊಲ ಬಗ್ಗಿ ಅದನ್ನು ನೇರ ಬಾಯಿಗೇ ತೆಗೆದುಕೊಂಡು ನುಂಗುತ್ತದೆ. ಅಸಹ್ಯಪಡಬೇಡಿ, ತಡೆಯಬೇಡಿ. ಹಸು ಮೆಲುಕು ಹಾಕುವ ಕೆಲಸವನ್ನೇ ಮೊಲ ಈ ದಾರಿಯಲ್ಲಿ ಮಾಡುತ್ತದೆ. ಒಂದೇ ಸಲಕ್ಕೆ ಸಿಗದ ಸತ್ವ, ವಿಟಮಿನ್ ಎರಡನೇ ಸುತ್ತಿಗೆ ಸಿಗುತ್ತದೆ. ಈ ಮೆತ್ತನೆಯದು ನೆಲದ ಮೇಲೆ ಬಿದ್ದೇ ಇದ್ದರೆ ಮಾತ್ರ ಯೋಚಿಸಿ. ಕಾಳು, ಹಣ್ಣು ಜಾಸ್ತಿಯಾಗಿರಬಹುದು, ಅಥವಾ ದಪ್ಪವಾಗಿ ಬಗ್ಗಲು ಆಗುತ್ತಿಲ್ಲದಿರಬಹುದು.

ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಇರಬೇಕು. ದಿನವಿಡೀ ಮುಂದಿರಬೇಕು. ಪ್ಯಾಕೆಟಿನಲ್ಲಿ ಬರುವ ಟಿಮೋಥಿ ಹುಲ್ಲು ದುಬಾರಿ. ಗಣೇಶನಿಗೆ ಏರಿಸುವ ಗರಿಕೆ ಮೊಲಕ್ಕೂ ಪ್ರಿಯ. ಔಷಧಿ ಹೊಡೆಯದ, ನಾಯಿ ಓಡಾಡದ ಜಾಗದಿಂದ ಕಿತ್ತು, ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ. ಕುದುರೆ ಮೆಂತ್ಯವನ್ನು ಮರಿಗಳಿಗೆ ಧಾರಾಳ ಕೊಡಬಹುದು. ಆರು ತಿಂಗಳ ಮೇಲೆ ಅದರ ಸುಣ್ಣದ ಅಂಶ ಹೆಚ್ಚಾಗುತ್ತದೆ, ಉಚ್ಚೆ ಸುಣ್ಣದ ನೀರಿನ ಹಾಗೆ ದಪ್ಪಗಾದರೆ ನಿಲ್ಲಿಸಿ. ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್ ಸೊಪ್ಪು ದಿನಕ್ಕೆ ಎರಡು ಹಿಡಿ. ಪಾಲಕ್, ದಂಟು ಯಾವಾಗಲಾದರೊಮ್ಮೆ. ಅಂಗಡಿಯ ಉಂಡೆ ತಿಂಡಿ ಒಂದೂವರೆ ಎರಡು ಕಿಲೋ ಮೊಲಕ್ಕೆ ಎರಡು ದೊಡ್ಡ ಚಮಚ ಸಾಕು. ಕ್ಯಾರೆಟ್ ಗೆಡ್ಡೆ ಮೊಲದ ಊಟ ಅನ್ನುವುದು ಕಾರ್ಟೂನಿನ ಮಾತು. ಅದರಲ್ಲಿ ಸಿಹಿ ಜಾಸ್ತಿ, ಎರಡು ಬಿಲ್ಲೆ ಬಹುಮಾನಕ್ಕೆ ಇಟ್ಟುಕೊಳ್ಳಿ. ಅನ್ನ, ಚಪಾತಿ, ಬಿಸ್ಕತ್ತು, ಹಾಲು, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡವೇ ಬೇಡ. ಉಚ್ಚೆ ಕೆಂಪಗೆ ಬಂತು ಅಂತ ಒಮ್ಮೆ ರಾತ್ರೋರಾತ್ರಿ ಓಡಿದ್ದೆ. ಸೊಪ್ಪಿನ ಬಣ್ಣ ಅಷ್ಟೇ ಆಗಿತ್ತು. ಒಂದೆರಡು ದಿನಕ್ಕೂ ಹೋಗದಿದ್ದರೆ, ಅಥವಾ ತಿಣುಕುತ್ತಿದ್ದರೆ ತೋರಿಸಬೇಕು.

ಹಂತ 6: ಒಂದೋ, ಎರಡೋ?

ಒಂಟಿ ಮೊಲ ಮಂಕಾಗುತ್ತದೆ. ಗುಂಪಿನಲ್ಲಿ ಬಾಳುವ ಜಾತಿ ಅದು. ಜೋಡಿ ಬೇಕು, ಆದರೆ ಜೋಡಿ ಅಂದರೆ ಲೆಕ್ಕ ಇಡಬೇಕು. ಅಂಗಡಿಯವರು ನಮಗೆ "ಎರಡೂ ಹೆಣ್ಣೇ ಮೇಡಂ" ಅಂತ ಕೊಟ್ಟಿದ್ದರು. ನಾಲ್ಕೂವರೆ ತಿಂಗಳಾದಾಗ ಹತ್ತಿ ತನ್ನ ಎದೆಯ ಕೂದಲು ಕಿತ್ತು, ಬಾಯಿತುಂಬ ಹುಲ್ಲು ಕಚ್ಚಿಕೊಂಡು ಮೂಲೆಗೆ ಸಾಗಿಸತೊಡಗಿತು. ಚರ್ಮರೋಗ ಅಂದುಕೊಂಡೆ. ಮರುದಿನ ಬೆಳಗ್ಗೆ ಆ ಕೂದಲ ಗೂಡಿನಲ್ಲಿ ಆರು ಗುಲಾಬಿ ಮರಿಗಳು. ಕಡಲೆ ಗಂಡಾಗಿತ್ತು!

ಮೊಲದ ಗರ್ಭ ಸುಮಾರು 31 ದಿನ. ಹೆತ್ತ ದಿನವೇ ಮತ್ತೆ ಗರ್ಭ ಕಟ್ಟಬಲ್ಲದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬವರು ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ತರಿಸಿದ ಎರಡು ಡಜನ್‌ನಷ್ಟು ಮೊಲಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಬೆಳೆ ಹುಲ್ಲು ಮೇಯ್ದು, ಆಸ್ಟ್ರೇಲಿಯಾ ಪಟ್ಟ ಪಾಡು ನಿಮಗೂ ಗೊತ್ತಿರಬಹುದು. ಮರಿ ಇದ್ದಾಗ ತಾಯಿ ಹತ್ತಿರವೇ ಸುಳಿಯದಿದ್ದರೆ ಗಾಬರಿಯಾಗಬೇಡಿ. ಅದು ದಿನಕ್ಕೆ ಒಂದೋ ಎರಡೋ ಸಲ, ನಾಲ್ಕೈದು ನಿಮಿಷ ಮಾತ್ರ ಹಾಲು ಕೊಡುತ್ತದೆ. ಬೆಳಗ್ಗೆ ಮರಿಗಳ ಹೊಟ್ಟೆ ದುಂಡಗಿದ್ದರೆ ಹಾಲು ಕುಡಿದಿವೆ. ಗಂಡನ್ನು ಮಾತ್ರ ಅದೇ ಗಳಿಗೆ ಬೇರೆ ಮಾಡಿ. ಗಂಡೇ ಇಲ್ಲದ ಮನೆಯಲ್ಲೂ ಹೆಣ್ಣು ಹೀಗೆ ಕೂದಲು ಕಿತ್ತು ಗೂಡು ಕಟ್ಟುವುದುಂಟು. ಅದು ಸುಳ್ಳು ಬಸಿರು, ಎರಡು ಮೂರು ವಾರಕ್ಕೆ ಇಳಿಯುತ್ತದೆ.

ನಾಲ್ಕರಿಂದ ಆರು ತಿಂಗಳ ನಡುವೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಸುತ್ತುವುದು, ಗೋಡೆಗೆ ಉಚ್ಚೆ ಸಿಡಿಸುವುದು, ಕಚ್ಚುವುದು ಬಹಳ ಕಡಿಮೆಯಾಗುತ್ತದೆ. ಹೆಣ್ಣಿಗೆ ಇನ್ನೂ ಮುಖ್ಯ. ಶಸ್ತ್ರಚಿಕಿತ್ಸೆ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತೀರ ಸಾಮಾನ್ಯ. ಎರಡು ವಿಷಯ ನೆನಪಿರಲಿ. ಗಂಡಿಗೆ ಶಸ್ತ್ರಚಿಕಿತ್ಸೆ ಆದ ಮೇಲೂ ನಾಲ್ಕರಿಂದ ಆರು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ. ಮತ್ತೆ, ಹಿಂದಿನ ರಾತ್ರಿ ಉಪವಾಸ ಇಡಿ ಅಂದರೆ ಇನ್ನೊಮ್ಮೆ ಕೇಳಿ. ಮೊಲ ವಾಂತಿ ಮಾಡಲಾರದು, ಹಾಗಾಗಿ ನಾಯಿ ಬೆಕ್ಕಿನ ಉಪವಾಸ ಅದಕ್ಕೆ ಬೇಕಿಲ್ಲ. ಕರುಳು ನಿಂತರೆ ಅದೇ ಅಪಾಯ.

ಎರಡನೆಯ ಮೊಲ ತಂದರೆ ಮೊದಲನೆಯದರ ಜಾಗಕ್ಕೆ ನೇರ ಬಿಡಬೇಡಿ, ರಕ್ತ ಬರುವ ಹಾಗೆ ಕಾದಾಡುತ್ತವೆ. ಜಾಲರಿಯ ಆಚೀಚೆ ಇಟ್ಟು, ಹಾಸಿನ ಬಟ್ಟೆ ಅದಲುಬದಲು ಮಾಡಿ, ವಾಸನೆ ರೂಢಿಯಾಗಲಿ. ಆಮೇಲೆ ಎರಡಕ್ಕೂ ಹೊಸದಾದ ಜಾಗದಲ್ಲಿ ದಿನಕ್ಕೆ ಹತ್ತು ನಿಮಿಷ. ಒಂದರ ಹಣೆಯನ್ನು ಇನ್ನೊಂದು ನೆಕ್ಕಿದ ದಿನ ಒಪ್ಪಂದವಾಯಿತು ಅನ್ನಿ.

ಹಂತ 7: ಬೇಸಿಗೆ ಮತ್ತು ಪಟಾಕಿ

ಮೊಲ ಬೆವರುವುದಿಲ್ಲ. ಕಿವಿಯ ರಕ್ತನಾಳಗಳೇ ಅದರ ರೇಡಿಯೇಟರ್. 30 ಡಿಗ್ರಿ ಹತ್ತಿರವಾದಾಗಲೇ ಅದಕ್ಕೆ ಕಷ್ಟ ಶುರು. ಕಲಬುರಗಿ, ರಾಯಚೂರಿನ ಏಪ್ರಿಲ್ ಅಂತೂ ಕೇಳಲೇಬೇಡಿ. ನೆಲಕ್ಕೆ ಒಂದು ಕಡಪ ಕಲ್ಲು ಹಾಕಿ, ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ನೀರು ಅಗಲ ಬಟ್ಟಲಿನಲ್ಲಿರಲಿ. ಶೀಟಿನ ಮಾಡಿನ ಕೆಳಗೆ, ಟೆರೇಸಿನಲ್ಲಿ ಗೂಡು ಬೇಡ. ಬಾಯಿ ತೆರೆದು ಏದುಸಿರು ಬಿಟ್ಟು, ಮೈ ಜೋಲಿ, ಕಿವಿ ಸುಡುತ್ತಿದ್ದರೆ ಕಿವಿಯನ್ನು ತಣ್ಣೀರಿನ (ಐಸ್ ನೀರಿನ ಅಲ್ಲ) ಬಟ್ಟೆಯಿಂದ ಒರೆಸುತ್ತಾ ಆಸ್ಪತ್ರೆಗೆ ಹೊರಡಿ.

ದೀಪಾವಳಿಗೆ ಒಳಗಿನ ಕೋಣೆಗೆ ಸೇರಿಸಿ, ಕಿಟಕಿ ಮುಚ್ಚಿ, ಗೂಡಿನ ಮೇಲೆ ದಪ್ಪ ಕಂಬಳಿ ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ. ಟಿವಿ ಸಣ್ಣಗೆ ಓಡುತ್ತಿರಲಿ.

ಹಂತ 8: ಕಾಯಿಲೆ ಮುಚ್ಚಿಡುವ ಮೊಲವನ್ನು ಹಿಡಿಯುವುದು

ಮೊದಲೇ ಹೇಳಿದೆ, ಅದು ನರಳುವುದಿಲ್ಲ. ಬೆಳಗ್ಗೆ ಕೊತ್ತಂಬರಿ ಸದ್ದಿಗೆ ಓಡಿ ಬರಬೇಕಾದದ್ದು ಬರಲಿಲ್ಲ ಅಂದರೆ ಅದೇ ಮೊದಲ ಲಕ್ಷಣ. ಹತ್ತು ಹನ್ನೆರಡು ಗಂಟೆ ತಿನ್ನದಿದ್ದರೆ, ಹಿಕ್ಕೆ ಇಲ್ಲದಿದ್ದರೆ ನಾಳೆವರೆಗೆ ಕಾಯಬೇಡಿ. ಕರುಳು ನಿಂತು, ಗ್ಯಾಸ್ ತುಂಬಿ, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ತಲೆ ಒಂದು ಕಡೆಗೆ ವಾಲುವುದು, ಗದ್ದ ಜೊಲ್ಲಿನಿಂದ ಒದ್ದೆಯಾಗಿರುವುದು (ದವಡೆಹಲ್ಲು ಬೆಳೆದು ನಾಲಿಗೆಗೆ ಚುಚ್ಚುತ್ತಿರಬಹುದು), ಮೂಗು ಸೋರಿ ಮುಂಗಾಲಿನ ಕೂದಲು ಅಂಟುವುದು, ಇವೂ ಅದೇ ದಿನ ತೋರಿಸಬೇಕಾದವು.

ಮನೆಮದ್ದು ಬೇಡ. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್ ಮನುಷ್ಯರಿಗೆ ಸಾಮಾನ್ಯ ಔಷಧಿ, ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಅದನ್ನೇ ಸಾಯಿಸುತ್ತದೆ. ನಾಯಿಯ ಮೈಮೇಲಿನ ಉಣ್ಣಿಗೆ ಹಾಕುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ. ಮೊಲ ಚೆನ್ನಾಗಿರುವಾಗಲೇ ಅದನ್ನು ನೋಡಿ ಅನುಭವ ಇರುವ ವೈದ್ಯರು ಯಾರು ಅಂತ ಹುಡುಕಿಟ್ಟುಕೊಳ್ಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರ ಇದ್ದರೆ ಅಲ್ಲಿ ವಿಚಾರಿಸಿ. ಹೋಗುವಾಗ ಆ ದಿನದ ಹಿಕ್ಕೆಯನ್ನು ಒಂದು ಕವರಿನಲ್ಲಿ ತೆಗೆದುಕೊಂಡು ಹೋಗಿ. ಕೊನೆಯದಾಗಿ ಏನು ತಿಂದಿತು, ಎಷ್ಟು ಗಂಟೆಗೆ ತಿಂದಿತು ಅಂತ ಬರೆದಿಟ್ಟುಕೊಳ್ಳಿ. ಬುಟ್ಟಿಯಲ್ಲಿ ಒಂದು ಹಿಡಿ ಗರಿಕೆ ಇರಲಿ. ಜೋಡಿ ಇದ್ದರೆ ಹುಷಾರಾಗಿರುವುದನ್ನೂ ಜೊತೆಗೇ ಕರೆದೊಯ್ಯಿರಿ. ಆಸ್ಪತ್ರೆಯ ವಾಸನೆ ಹೊತ್ತು ಒಂದೇ ಮರಳಿ ಬಂದರೆ ಮನೆಯಲ್ಲಿರುವುದು ಅದನ್ನು ಗುರುತೇ ಹಿಡಿಯದೆ ಕಚ್ಚಲು ಬರಬಹುದು. ಹತ್ತಿಗೆ ಹಲ್ಲು ನೋವಾದಾಗ ಕಡಲೆಯೂ ಹೋಗಿತ್ತು. ದಾರಿಯುದ್ದಕ್ಕೂ ಬುಟ್ಟಿಯೊಳಗೆ ಅದರ ಕಿವಿ ನೆಕ್ಕುತ್ತಾ ಕೂತಿತ್ತು.